ವೀಲ್‌ಚೇರ್ ಲಿಫ್ಟ್ ಹಾಕಿಸಬೇಕು, ಅಂಗಳ ಪೂರ್ತಿ ಇಳಿಜಾರು. ಗೊತ್ತಿರುವವರು ಹೇಳಿ

ನಾಪೋಕ್ಲು ತೋಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಣ್ಣ ಒಳ್ಳೆಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಕೈಗಳು ಗಟ್ಟಿ ಇವೆ. ಮನೆಯೊಳಗೆ ವೀಲ್‌ಚೇರ್ ತಾನೇ ಓಡಿಸುತ್ತಾನೆ, ತೋಟದ ಲೆಕ್ಕ, ಕೆಲಸದವರ ಬಟವಾಡೆ ಎಲ್ಲ ಈಗಲೂ ಅವನೇ ನೋಡಿಕೊಳ್ಳುವುದು. ಕಷ್ಟ ಇರುವುದು ಹೊರಗೆ ಹೋಗುವಾಗ. ನಾನು ಕಂಕುಳಿಗೆ ಕೈ ಹಾಕಿ, ಅತ್ತಿಗೆ ಕಾಲು ಹಿಡಿದು, ಇಬ್ಬರೂ ಎತ್ತಿ ಕಾರಿನ ಸೀಟಿಗೆ ಕೂರಿಸುತ್ತೇವೆ. ಮಳೆಗಾಲದಲ್ಲಿ ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ, ಕಾಲು ನಿಲ್ಲುವುದಿಲ್ಲ. ಅತ್ತಿಗೆಗೆ ಈಗ ಸೊಂಟ ನೋವು ಶುರುವಾಗಿದೆ. ಅಣ್ಣ ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಬರುವುದಿಲ್ಲ ಎನ್ನುತ್ತಾನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಐನ್‌ಮನೆಗೂ, ಅಂದರೆ ಕುಟುಂಬದ ಮೂಲಮನೆಗೂ, ಬರಲಿಲ್ಲ. ನಾಲ್ಕು ಜನರ ಎದುರು ಕಾಫಿ ಮೂಟೆ ಎತ್ತಿದ ಹಾಗೆ ಎತ್ತಿಸಿಕೊಳ್ಳುವುದು ಅವನಿಗೆ ಆಗುವುದಿಲ್ಲ, ಅಷ್ಟೇ.

ಮನೆಯಲ್ಲಿ ಮಾರುತಿ ಈಕೋ ವ್ಯಾನ್ ಇದೆ. ಹಿಂದಿನ ಸೀಟು ತೆಗೆದು, ಹಿಂಬಾಗಿಲಿಗೆ ಲಿಫ್ಟ್ ಹಾಕಿಸಿ, ಅವನನ್ನು ಕುರ್ಚಿ ಸಮೇತ ಒಳಗೆ ತೆಗೆದುಕೊಳ್ಳಬೇಕು ಅಂತ ಆಸೆ. ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದರೆ ಮಾಡಿಕೊಡುತ್ತೇನೆ ಎಂದರು, ಆದರೆ ಅವರು ಇಂಥದ್ದು ಹಿಂದೆ ಮಾಡಿಲ್ಲ. ಏನೇನು ನೋಡಬೇಕು? ಲಿಫ್ಟ್ ಬೇಕಾ, ರ‍್ಯಾಂಪ್ ಸಾಕಾ?

ಗೋಣಿಕೊಪ್ಪ ವರ್ಕ್‌ಶಾಪ್:

ಅಣ್ಣಾ, ಲಿಫ್ಟಿನ ಮಾತು ಆಮೇಲೆ. ಮೊದಲು ಟೇಪ್ ಹಿಡಿಯಿರಿ. ನಿಮ್ಮ ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಾಗ ನೆಲದಿಂದ ತಲೆಯವರೆಗೆ ಎಷ್ಟು ಬರುತ್ತದೆ ನೋಡಿ. ಸಾಧಾರಣ ಗಂಡಸರಿಗೆ 130ರಿಂದ 140 ಸೆಂ.ಮೀ. ಬರುತ್ತದೆ. ಈಕೋ ಹೊರಗಿನ ಎತ್ತರವೇ ಸುಮಾರು 182 ಸೆಂ.ಮೀ., ಅದರಲ್ಲಿ ನೆಲದಿಂದ ಗಾಡಿಯ ಫ್ಲೋರ್ ವರೆಗಿನ ಎತ್ತರ ಕಳೆಯಿರಿ, ಟಾಪ್ ದಪ್ಪ ಕಳೆಯಿರಿ. ತಲೆ ಹಿಡಿಸುವುದಿಲ್ಲ. ಬಾಗಿಲ ಚೌಕಟ್ಟು ಇನ್ನೂ ತಗ್ಗು.

ಫ್ಲೋರ್ ಕತ್ತರಿಸಿ ತಗ್ಗಿಸೋಣ ಅಂತ ಯಾರಾದರೂ ಹೇಳಬಹುದು. ಈಕೋ ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಗಾಡಿ. ಎಂಜಿನ್ ಮುಂದಿನ ಸೀಟಿನ ಕೆಳಗೆ, ಅಲ್ಲಿಂದ ಶಕ್ತಿ ಒಯ್ಯುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಆಮೇಲೆ ಅದನ್ನು ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್. ಕತ್ತರಿಸಲು ಜಾಗವೇ ಇಲ್ಲ. ಹೊರದೇಶಗಳಲ್ಲಿ ಫ್ಲೋರ್ ತಗ್ಗಿಸಿದ ವ್ಯಾನ್ ನೋಡಿರುತ್ತೀರಲ್ಲ, ಅವು ಬಹುತೇಕ ಮುಂದಿನ ಚಕ್ರಕ್ಕೆ ಡ್ರೈವ್ ಇರುವ ಗಾಡಿಗಳು. ಹಿಂದೆ ಕೆಳಗಡೆ ಖಾಲಿ ಇರುತ್ತದೆ.

ನಮ್ಮಲ್ಲಿ ಆ ಥರ ಅಂದರೆ ಟಾಟಾ ವಿಂಗರ್. ಫ್ರಂಟ್ ವೀಲ್ ಡ್ರೈವ್, ಹೈ ರೂಫ್ ಸಿಗುತ್ತದೆ. ಫೋರ್ಸ್ ಟ್ರಾವೆಲರ್‌ನಲ್ಲೂ ತಲೆಗೆ ಜಾಗ ಇದೆ, ಆದರೆ ಅದು ಹಿಂದಿನ ಚಕ್ರದ ಡ್ರೈವ್, ಫ್ಲೋರ್ ಎತ್ತರ, ಲಿಫ್ಟ್ ಜಾಸ್ತಿ ಮೇಲೆ ಹೋಗಬೇಕು.

ಮೈಸೂರು ಡಿಸೈನ್:

ವರ್ಕ್‌ಶಾಪ್‌ನವರು ಹೇಳಿದ್ದು ಸರಿ. ನಾನು ಯಂತ್ರ ವಿನ್ಯಾಸದ ಕೆಲಸದಲ್ಲಿದ್ದೇನೆ, ಮೂಲ ಸುಂಟಿಕೊಪ್ಪ. ಲಿಫ್ಟಾ ರ‍್ಯಾಂಪಾ ಅನ್ನುವುದಕ್ಕೆ ಲೆಕ್ಕ ಹಾಕಿ ನೋಡೋಣ.

ಗಾಡಿಯ ಫ್ಲೋರ್ ನೆಲದಿಂದ 60 ಸೆಂ.ಮೀ. ಮೇಲಿದೆ ಅಂತ ಇಟ್ಟುಕೊಳ್ಳಿ. ಕಟ್ಟಡಗಳಿಗೆ ಹೇಳುವ 1:12 (ಒಂದಡಿ ಏರಲು ಹನ್ನೆರಡಡಿ) ಇಳಿಜಾರಿನ ರ‍್ಯಾಂಪ್ ಮಾಡಿದರೆ 7 ಮೀಟರಿಗಿಂತ ಉದ್ದ ಬೇಕು, ಗಾಡಿಗೆ ಅದು ಆಗದ ಮಾತು. 1:4 ಮಾಡಿದರೆ ಸುಮಾರು ಎರಡೂವರೆ ಮೀಟರ್, ಮಡಚಿ ಇಡಬಹುದು. ಆದರೆ ಆಳು ಮತ್ತು ಕುರ್ಚಿ ಸೇರಿ 100 ಕೆ.ಜಿ. ಇದ್ದರೆ, 1:4ರಲ್ಲಿ ತಳ್ಳುವವರು ಒಂದೇ ಸಮನೆ ಸುಮಾರು 24 ಕೆ.ಜಿ. ಬಲ ಹಾಕುತ್ತಿರಬೇಕು. ಒದ್ದೆ ಹಲಗೆಯ ಮೇಲೆ, ಚಪ್ಪಲಿ ಹಾಕಿಕೊಂಡು, ಸೊಂಟ ನೋವಿರುವ ನಿಮ್ಮ ಅತ್ತಿಗೆ! ಇಳಿಸುವಾಗ ಇನ್ನೂ ಅಪಾಯ, ಅಷ್ಟೂ ಭಾರ ತಡೆದು ಹಿಡಿಯಬೇಕು. ನಿಮ್ಮ ಮನೆಗೆ ಲಿಫ್ಟೇ ಸರಿ.

ಇನ್ನು ಲಿಫ್ಟ್ ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೆ ಅಮೆರಿಕದವರ ನಿಯಮ ಒಳ್ಳೆಯ ಅಳತೆಗೋಲು. ಅಲ್ಲಿ ಸಾರ್ವಜನಿಕ ವಾಹನದ ಲಿಫ್ಟ್ 600 ಪೌಂಡ್, ಅಂದರೆ 272 ಕೆ.ಜಿ. ಹೊರಬೇಕು. ಕುರ್ಚಿ ನಿಲ್ಲುವ ಲಿಫ್ಟಿನ ಹಲಗೆ ಕನಿಷ್ಠ 72 ಸೆಂ.ಮೀ. ಅಗಲ, 122 ಸೆಂ.ಮೀ. ಉದ್ದ. ಭಾರ ಇಟ್ಟಾಗ ಹಲಗೆ 3 ಡಿಗ್ರಿಗಿಂತ ಜಾಸ್ತಿ ವಾಲಬಾರದು. ಆಳು ಕೂತಿರುವಾಗ ವೇಗ ಸೆಕೆಂಡಿಗೆ 15 ಸೆಂ.ಮೀ. ದಾಟಬಾರದು. ಸವೆಯುವ ಭಾಗಗಳು, ಅಂದರೆ ಕೇಬಲ್, ಪುಲ್ಲಿ, ಶಾಫ್ಟ್, ಇವು ಹೊರಬೇಕಾದ ಭಾರದ 6 ಪಟ್ಟು ತಡೆಯುವ ಹಾಗಿರಬೇಕು, ಚೌಕಟ್ಟು ಮತ್ತು ಹಲಗೆ 3 ಪಟ್ಟು. ನಮ್ಮ ವೆಲ್ಡಿಂಗ್ ಅಂಗಡಿಯವರಿಗೆ ಅದೇ ಆರು ಪಟ್ಟು, ಮೂರು ಪಟ್ಟು ಹೇಳಿ. 'ಇಬ್ಬರು ಹತ್ತಿ ನಿಂತು ನೋಡಿದೆವು, ತಡೆಯಿತು' ಅನ್ನುವುದು ಪರೀಕ್ಷೆಯೇ ಅಲ್ಲ.

ಒಂದು ಜಾಗವನ್ನು ಮಾತ್ರ ಹತ್ತಿರದಿಂದ ನೋಡಿ: ಲಿಫ್ಟ್ ಗಾಡಿಗೆ ಕೂರುವ ಬೋಲ್ಟ್. 272 ಕೆ.ಜಿ. ಭಾರ ಹಲಗೆಯ ನಡುವೆ ಇದ್ದರೆ ಬೋಲ್ಟ್‌ನಿಂದ ಸುಮಾರು 60 ಸೆಂ.ಮೀ. ಆಚೆ ಇರುತ್ತದೆ. ಬೋಲ್ಟ್‌ಗಳ ಎರಡು ಸಾಲಿನ ನಡುವೆ 30 ಸೆಂ.ಮೀ. ಅಂತರ ಇದ್ದರೆ ಒಂದು ಸಾಲು 500 ಕೆ.ಜಿ.ಗಿಂತ ಜಾಸ್ತಿ ಎಳೆತ ತಿನ್ನುತ್ತದೆ. ಗಾಡಿ ನಿಂತಿದ್ದಾಗಲೇ ಇಷ್ಟು. ಗಾಡಿಯ ಫ್ಲೋರ್ ಅಂದರೆ ತೆಳು ತಗಡು. ಬರೀ ವಾಷರ್ ಹಾಕಿ ಬಿಗಿದರೆ ತಗಡು ಹರಿದು ಬೋಲ್ಟ್ ಮೇಲೆ ಬರುತ್ತದೆ. ಕೆಳಗಿನಿಂದ ದಪ್ಪ ಪ್ಲೇಟ್ ಕೊಟ್ಟು, ಅದನ್ನು ಗಾಡಿಯ ಅಡಿಯ ಉದ್ದನೆಯ ತೊಲೆಗಳಿಗೆ, ನೀವೆಲ್ಲ ಚಾಸಿ ಅನ್ನುತ್ತೀರಲ್ಲ ಅದಕ್ಕೆ, ಕಟ್ಟಬೇಕು. ವಿಂಗರ್ ಮಾನೋಕಾಕ್ ಬಾಡಿ, ಬೇರೆ ಚಾಸಿ ಇಲ್ಲ, ಅಲ್ಲಿ ಇನ್ನೂ ಹುಷಾರಾಗಿ ಭಾರ ಹಂಚಬೇಕು.

ವಿರಾಜಪೇಟೆ ಅಕ್ಕ:

ನಾನೇ ವೀಲ್‌ಚೇರ್‌ನಲ್ಲಿ ಇರುವವಳು. ನೀವೆಲ್ಲ ಗಾಡಿಯಿಂದ ಶುರು ಮಾಡಿದ್ದೀರಿ. ನಾನು ನೆಲದಿಂದ ಶುರು ಮಾಡುತ್ತೇನೆ.

ಎಲ್ಲ ಲಿಫ್ಟನ್ನೂ ಸಮತಟ್ಟು ನೆಲಕ್ಕೆ ಅಂತ ಮಾಡಿರುತ್ತಾರೆ. ಕೊಡಗಿನಲ್ಲಿ ಸಮತಟ್ಟು ಎಲ್ಲಿದೆ ಹೇಳಿ? ಗಾಡಿ ವಾಲಿದರೆ ಹಲಗೆಯೂ ಅಷ್ಟೇ ವಾಲುತ್ತದೆ. 1:10 ಇಳಿಜಾರಿನ ಅಂಗಳದಲ್ಲಿ, ಹಲಗೆಯ ಆ ತುದಿಗೂ ಈ ತುದಿಗೂ 12 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅದರ ಮೇಲೆ ಆಳು ಕೂತಾಗ ಹಿಂದಿನ ಸ್ಪ್ರಿಂಗ್ ಕುಗ್ಗಿ ಇನ್ನಷ್ಟು ಹೊರಕ್ಕೆ ಬಾಗುತ್ತದೆ. ಮೇಲೆ ಕೂತವರಿಗೆ ಆ ಕ್ಷಣ ಹೇಗಿರುತ್ತದೆ ಅಂತ ಕೂತವರಿಗೇ ಗೊತ್ತು. ಎರಡೂ ಕೈ ಗಾಲಿಯ ರಿಂಗ್ ಬಿಗಿ ಹಿಡಿದಿರುತ್ತವೆ.

ಅದಕ್ಕೆ ಮೊದಲ ಮಾತು: ಗಾಡಿಯ ಮೂತಿ ಏರಿನ ಕಡೆಗೆ ಇಟ್ಟು ನಿಲ್ಲಿಸಲೇಬೇಡಿ. ಹಾಗೆ ನಿಲ್ಲಿಸಿದರೆ ಹಲಗೆ ಹೊರಕ್ಕೆ, ಇಳಿಜಾರಿನ ಕಡೆಗೆ ಬಾಗುತ್ತದೆ, ಕುರ್ಚಿ ಹೊರಗೆ ಉರುಳುತ್ತದೆ. ಮೂತಿ ಇಳಿಜಾರಿಗೆ, ಹಿಂಬಾಗಿಲು ಏರಿನ ಕಡೆಗೆ ಇರಲಿ. ಆಗ ಹಲಗೆ ಗಾಡಿಯ ಕಡೆಗೇ ಬಾಗುತ್ತದೆ. ಹಿಂದೆ ನೆಲವೂ ಎತ್ತರ ಇರುವುದರಿಂದ ಲಿಫ್ಟ್ ಏರಬೇಕಾದ ದೂರವೂ ಕಡಿಮೆ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಮುಂದಿನ ಚಕ್ರಕ್ಕೆ ಮರದ ಅಡ್ಡೆ ಇಡಿ. ಆ ಅಡ್ಡೆ ಗಾಡಿಯಲ್ಲೇ ಇರಬೇಕು, ದಾರಿಯಲ್ಲಿ ಕಲ್ಲು ಹುಡುಕುವುದಲ್ಲ.

ಎರಡನೆಯದು: ಸ್ವಿಚ್ ಯಾರ ಕೈಯಲ್ಲಿ ಇರುತ್ತದೆ? ನಿಮ್ಮ ಅಣ್ಣನ ಕೈ ಚೆನ್ನಾಗಿದೆ ಎಂದಿರಿ. ಹಾಗಾದರೆ ಅವರ ಕೈಗೇ ಬರುವ ಹಾಗೆ ಮಾಡಿಸಿ. ಬೆರಳು ಬಿಟ್ಟ ತಕ್ಷಣ ಲಿಫ್ಟ್ ನಿಲ್ಲಬೇಕು. ನನ್ನನ್ನು ಏರಿಸುವಾಗ ಬೇರೆಯವರು ಸ್ವಿಚ್ ಹಿಡಿದು ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮ ಅಣ್ಣ ಮನೆಯಿಂದ ಹೊರಗೆ ಬರುವುದಿಲ್ಲ ಅನ್ನುತ್ತೀರಿ. ತಾನೇ ಏರಿ ತಾನೇ ಇಳಿಯುವ ಹಾಗಾದರೆ ಬರುತ್ತಾನೆ ತಮ್ಮಾ, ನೋಡು.

ನಾಪೋಕ್ಲು ತೋಟ:

ಅಕ್ಕಾ, ಇದನ್ನು ಅಣ್ಣನಿಗೆ ಓದಿ ಹೇಳಿದೆ. ಸ್ವಿಚ್ ವಿಷಯ ಕೇಳಿ ಅವನೇ ಫೋನ್ ಇಸ್ಕೊಂಡು ಇನ್ನೊಂದು ಸಲ ಓದಿದ.

ನಮ್ಮ ಮನೆ ಇರುವುದು ಬರೆಯ ಮೇಲೆ, ಅಂದರೆ ಕಡಿದಾದ ದಿಣ್ಣೆಯ ಮೇಲೆ. ಮನೆ ಅಂಗಳ ಮೇಲೆ, ಕಾಫಿ ಕಣ ಕೆಳಗೆ, ನಡುವೆ ಕಲ್ಲಿನ ಗೋಡೆ ಇದೆ, ಸೊಂಟದವರೆಗೆ ಬರುತ್ತದೆ. ಗಾಡಿ ನಿಲ್ಲುವುದು ಕಣದಲ್ಲಿ. ಈಗ ಅಣ್ಣನನ್ನು ಸುತ್ತು ಹಾಕಿ ಮಣ್ಣು ದಾರಿಯಲ್ಲಿ ಕೆಳಗೆ ಇಳಿಸುತ್ತೇವೆ.

ಮೈಸೂರು ಡಿಸೈನ್:

ಸುತ್ತು ಹಾಕಿ ಕೆಳಗೆ ಇಳಿಸಿ, ಮತ್ತೆ ಗಾಡಿಗೆ ಮೇಲೆ ಎತ್ತುತ್ತಿದ್ದೀರಾ! ಆ ಗೋಡೆಯೇ ನಿಮಗೆ ಅರ್ಧ ಲಿಫ್ಟ್. ಗಾಡಿಯನ್ನು ಕಣದಲ್ಲಿ ಹಿಂದಕ್ಕೆ ತಂದು ಹಿಂಬಾಗಿಲನ್ನು ಗೋಡೆಗೆ ತಾಗುವ ಹಾಗೆ ನಿಲ್ಲಿಸಿದರೆ ಅಂಗಳವೂ ಗಾಡಿಯ ಫ್ಲೋರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ನಡುವಿನ ಸಂದಿಗೆ ಒಂದು ಗಟ್ಟಿ ಸೇತುವೆ ಹಲಗೆ, ಎರಡೂ ಬದಿಗೆ ಕುರ್ಚಿ ಜಾರದ ಹಾಗೆ ಅಂಚುಪಟ್ಟಿ. ಗೋಡೆ ಸ್ವಲ್ಪ ಎತ್ತರ ಇದ್ದರೆ ಚಕ್ರ ನಿಲ್ಲುವ ಜಾಗಕ್ಕೆ ಕಾಂಕ್ರೀಟ್ ಹಾಕಿ ಏರಿಸಿಕೊಳ್ಳಿ. ಗೋಡೆಯ ತುದಿಯಲ್ಲಿ ಎರಡು ಮೀಟರ್ ಚೌಕ ಸಮತಟ್ಟು ಮಾಡಿ, ಗಾಡಿ ಇಲ್ಲದಾಗ ಮುಚ್ಚಲು ಗೇಟ್ ಇಡಿ. ಕಂಬಿ ಗೇಟ್ ಕಡ್ಡಾಯ, ಮಕ್ಕಳೂ ಓಡಾಡುವ ಅಂಗಳ ಅಲ್ವಾ.

ಇದಕ್ಕಾಗಿ ಹೊಸದಾಗಿ ಬರೆ ಕಡಿಯಲು ಮಾತ್ರ ಹೋಗಬೇಡಿ. 2018ರ ಆಗಸ್ಟಿನ ಮಳೆಗೆ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು. ಇರುವ ಗೋಡೆ ಗಟ್ಟಿ ಇದ್ದರೆ ಬಳಸಿ, ನೀರು ಹೋಗುವ ತೂತು ಮುಚ್ಚಬೇಡಿ.

ಗೋಣಿಕೊಪ್ಪ ವರ್ಕ್‌ಶಾಪ್:

ಮನೆಯಲ್ಲಿ ಗೋಡೆ ಇದೆ, ಸರಿ. ಮಡಿಕೇರಿಯಲ್ಲಿ ಇಳಿಯಬೇಕಾದರೆ ಗೋಡೆ ಹೊತ್ತುಕೊಂಡು ಹೋಗಲು ಆಗುತ್ತದಾ? ಲಿಫ್ಟ್ ಬೇಕೇ ಬೇಕು. ಆದರೆ ದಿನಾ ಮನೆಯಲ್ಲಿ ಬಳಸದೆ ಊರಿಗೆ ಹೋದಾಗ ಮಾತ್ರ ಬಳಸಿದರೆ ಬಾಳಿಕೆ ಬರುತ್ತದೆ, ಅದು ದೊಡ್ಡ ಲಾಭ.

ನಮ್ಮ ಮಳೆಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಹಲಗೆಗೆ ಚೆಕ್ಕರ್ ಪ್ಲೇಟ್, ಅಂದರೆ ಉಬ್ಬು ಗೆರೆಗಳ ತಗಡು, ಬೇಡ. ಕೆಂಪು ಮಣ್ಣು ಅದರ ಗೆರೆಗಳ ನಡುವೆ ತುಂಬಿಕೊಂಡು, ಮೇಲೆ ನೀರು ಬಿದ್ದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಜಾಲರಿ ಥರದ ತೂತಿನ ಹಲಗೆ ಹಾಕಿಸಿ. ಮಣ್ಣೂ ನೀರೂ ಕೆಳಗೆ ಹೋಗುತ್ತದೆ, ಮಡಚಿ ನಿಲ್ಲಿಸಿದಾಗ ಡ್ರೈವರ್‌ಗೆ ಆಚೆ ಏನಿದೆ ಅಂತಲೂ ಕಾಣುತ್ತದೆ. ತೂತು ಚಿಕ್ಕದಿರಲಿ, ಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳಬಾರದು. ಕಬ್ಬಿಣಕ್ಕೆ ಪೇಂಟ್ ಸಾಲದು, ಗ್ಯಾಲ್ವನೈಸ್, ಅಂದರೆ ಸತುವಿನ ಲೇಪ, ಮಾಡಿಸಿ. ಹಲಗೆ ತುದಿ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್, ವೈರ್ ಜೋಡಿಸುವ ಜಾಗಗಳು ನೀರು ಹೋಗದ ಸೀಲ್ ಇರುವಂಥವೇ ಬೇಕು. ಲಿಫ್ಟ್ ಕೆಟ್ಟಿತು ಅಂತ ಬರುವ ಗಾಡಿಗಳಲ್ಲಿ ಮೊದಲು ನೋಡುವುದೇ ಹಸಿರು ಹಿಡಿದ ಕನೆಕ್ಟರ್.

ಕರೆಂಟಿನ ಲೆಕ್ಕ ಮೈಸೂರಿನವರು ಹೇಳಲಿ. ನಾನು ಹೇಳುವುದು ಇಷ್ಟೇ: ಎಂಜಿನ್ ಓಡುತ್ತಿರುವಾಗ ಮಾತ್ರ ಎತ್ತಿ, ಮತ್ತೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ಮೈಸೂರು ಡಿಸೈನ್:

ಆಯಿಲ್ ಒತ್ತಡದಿಂದ ಏಳುವ (ಹೈಡ್ರಾಲಿಕ್) ಲಿಫ್ಟ್ ಅಂತ ಇಟ್ಟುಕೊಳ್ಳೋಣ. 272 ಕೆ.ಜಿ. ಮತ್ತು ಹಲಗೆಯ 60 ಕೆ.ಜಿ. ಸೇರಿಸಿ 75 ಸೆಂ.ಮೀ. ಎತ್ತರಕ್ಕೆ 8 ಸೆಕೆಂಡಿನಲ್ಲಿ ಏರಿಸಲು 300 ವ್ಯಾಟ್ ಚಿಲ್ಲರೆ ಬೇಕು. ಪಂಪು, ಮೋಟಾರು, ತಿಕ್ಕಾಟ ಎಲ್ಲದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ ಅಂತ ಇಟ್ಟುಕೊಂಡರೆ 750 ವ್ಯಾಟ್. 12 ವೋಲ್ಟಿನಲ್ಲಿ ಅದು 60 ಆಂಪಿಯರ್‌ಗಿಂತ ಮೇಲೆ. ಹಾರ್ನಿನ ವೈರಿನಿಂದ ಕವಲು ತೆಗೆದರೆ ಬೆಂಕಿ ಹತ್ತುತ್ತದೆ. ಬ್ಯಾಟರಿಯಿಂದ ನೇರ ದಪ್ಪ ಕೇಬಲ್ ಎಳೆಯಬೇಕು. ಇಳಿಯುವಾಗ ಮೋಟಾರ್ ಬೇಡ, ತನ್ನ ಭಾರಕ್ಕೆ ಇಳಿಯುತ್ತದೆ, ವಾಲ್ವ್ ನಿಧಾನ ಮಾಡುತ್ತದೆ.

ಎರಡು ವಿಷಯಕ್ಕೆ ದುಡ್ಡು ಉಳಿಸಬೇಡಿ. ಸಿಲಿಂಡರಿನ ಬಾಯಲ್ಲೇ ಒಂದು ರಕ್ಷಣೆ ವಾಲ್ವ್ ಇರಬೇಕು, ಆಯಿಲ್ ಪೈಪ್ ಒಡೆದರೂ ಹಲಗೆ ಧೊಪ್ಪೆಂದು ಬೀಳದೆ ಅಲ್ಲೇ ನಿಲ್ಲುವ ಹಾಗೆ. ಇನ್ನೊಂದು, ಕೈ ಪಂಪ್. ಸಂಪಾಜೆ ಘಾಟಿಯಲ್ಲಿ ಬ್ಯಾಟರಿ ಸತ್ತರೆ ಒಳಗಿರುವವರನ್ನು ಹೊರಗೆ ತರಲು ಬೇರೆ ದಾರಿ ಇಲ್ಲ. ಮನೆಯವರೆಲ್ಲರೂ ಕೈ ಪಂಪ್ ಒಮ್ಮೆ ಹೊಡೆದು ಕಲಿತಿರಬೇಕು.

ಹಾಗೇ ಇಂಟರ್‌ಲಾಕ್. ಹ್ಯಾಂಡ್‌ಬ್ರೇಕ್ ಎಳೆಯದೆ ಲಿಫ್ಟ್ ಅಲುಗಬಾರದು, ಲಿಫ್ಟ್ ಮಡಚದೆ ಗಾಡಿ ಹೊರಡಬಾರದು. ಹಲಗೆಯ ಹೊರ ಅಂಚಿನ ತಡೆ ನೆಲ ಬಿಟ್ಟ ಕೂಡಲೇ ತಾನೇ ಮೇಲೇಳಬೇಕು.

ಮಡಿಕೇರಿ ಫಿಸಿಯೋ:

ಎಲ್ಲರೂ ಕಬ್ಬಿಣದ ಮಾತು ಆಡಿದ್ದೀರಿ. ಕಾಲಿನ ಮಾತು ಯಾರೂ ಆಡಲಿಲ್ಲ.

ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಪಾದದಲ್ಲಿ ಸ್ಪರ್ಶ ಇರುವುದಿಲ್ಲ. ಲಿಫ್ಟ್ ಏರುವಾಗ ಪಾದ ಫುಟ್‌ರೆಸ್ಟ್‌ನಿಂದ ಜಾರಿ, ಹಲಗೆಗೂ ಬಂಪರಿಗೂ ನಡುವೆ ಸಿಕ್ಕಿಕೊಂಡರೆ ಅವರಿಗೆ ಗೊತ್ತೇ ಆಗುವುದಿಲ್ಲ. ಕೂಗುವುದೂ ಇಲ್ಲ. ಬೂಟು ಬಿಚ್ಚಿದಾಗ ಬೆರಳು ಜಜ್ಜಿರುವುದು ಕಾಣುತ್ತದೆ, ಆ ಗಾಯ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಹಿಮ್ಮುಖವಾಗಿ ಹಲಗೆಗೆ ಹತ್ತಿಸಿ, ಮುಖ ಹೊರಗೆ, ಬೆನ್ನು ಗಾಡಿಗೆ. ಪಾದ ಗಾಡಿಯಿಂದ ದೂರ ಉಳಿಯುತ್ತದೆ, ದೊಡ್ಡ ಗಾಲಿಗಳು ಮೊದಲು ಒಳಗೆ ಹೋಗುತ್ತವೆ. ಕಾಲಿಗೆ ಒಂದು ಪಟ್ಟಿ ಕಟ್ಟಿ, ಹಲಗೆ ಏರುವ ಮುನ್ನ ಕಣ್ಣಿನಿಂದ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಒಳಗೆ ಹೋದ ಮೇಲೆ ಕುರ್ಚಿಯನ್ನು ತಿರುಗಿಸಿ, ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಬೇಕು. ಅಡ್ಡ ಕೂರಿಸಬೇಡಿ. ನಾಲ್ಕು ಬೆಲ್ಟ್, ಮುಂದೆ ಎರಡು, ಹಿಂದೆ ಎರಡು, ಕುರ್ಚಿಯ ಗಟ್ಟಿ ಚೌಕಟ್ಟಿಗೆ, ಗಾಲಿಗಲ್ಲ. ಕುರ್ಚಿಯನ್ನು ಕಟ್ಟಿದ ಬೆಲ್ಟ್ ಬೇರೆ, ಆಳನ್ನು ಕಟ್ಟುವ ಬೆಲ್ಟ್ ಬೇರೆ. ಎದೆ ಮತ್ತು ತೊಡೆಸಂದಿಯ ಮೇಲೆ ಹಾದು ಹೋಗುವ ಮೂರು ಬಿಂದುವಿನ ಬೆಲ್ಟ್ ಗಾಡಿಯ ಬಾಡಿಗೇ ಕೂತಿರಬೇಕು. ಕುರ್ಚಿಗಳ ಡಿಕ್ಕಿ ಪರೀಕ್ಷೆಯನ್ನು ಗಂಟೆಗೆ 48 ಕಿ.ಮೀ. ವೇಗದಲ್ಲಿ, 20 ಪಟ್ಟು ಗುರುತ್ವದ ಹೊಡೆತಕ್ಕೆ ಮಾಡುತ್ತಾರೆ. ಅಂದರೆ 100 ಕೆ.ಜಿ. ಆ ಕ್ಷಣಕ್ಕೆ ಎರಡು ಟನ್ನಿನ ಹಾಗೆ ಎಳೆಯುತ್ತದೆ. ಕುರ್ಚಿ ಜೊತೆ ಬರುವ ವೆಲ್ಕ್ರೋ ಪಟ್ಟಿ ಅದಕ್ಕೆ ಏನೇನೂ ಅಲ್ಲ. ಮೆಡಿಕಲ್ ಅಂಗಡಿಯ ಮಡಚುವ ಕುರ್ಚಿಯಂತೂ ಇಂಥ ಪರೀಕ್ಷೆಗೆ ಅಂತ ಮಾಡಿದ್ದೇ ಅಲ್ಲ. ತಲೆಯ ಹಿಂದೆ ಆಧಾರವೂ ಬೇಕು.

ಕೈಬಲ ಇರುವವರು ಒಳಗೆ ಹೋದ ಮೇಲೆ ಕುರ್ಚಿಗೂ ಸೀಟಿಗೂ ನಡುವೆ ಜಾರುಹಲಗೆ ಇಟ್ಟು ಗಾಡಿಯ ಸೀಟಿಗೇ ಸರಿದು ಕೂತರೆ ಅದೇ ಎಲ್ಲಕ್ಕಿಂತ ಸುರಕ್ಷಿತ. ಅಣ್ಣನಿಗೆ ಕಲಿಸಬಹುದು, ಕರೆದುಕೊಂಡು ಬನ್ನಿ. ತಿರುವು ಜಾಸ್ತಿ ಇರುವ ನಮ್ಮ ರಸ್ತೆಗೆ ಎದೆಪಟ್ಟಿ ಕೂಡ ಬೇಕು, ಹೊಟ್ಟೆಯ ಸ್ನಾಯು ಹಿಡಿತ ಇಲ್ಲದಿದ್ದರೆ ಪ್ರತಿ ತಿರುವಿಗೂ ವಾಲಿ ಬಿಡುತ್ತಾರೆ.

ಕುಶಾಲನಗರ ಟ್ಯಾಕ್ಸಿ:

ಓದುತ್ತಾ ಇದ್ದೆ. ನನ್ನ ಹತ್ತಿರ ಹೈ ರೂಫ್ ವಿಂಗರ್ ಇದೆ, ಹಳದಿ ಬೋರ್ಡ್. ಬೆಂಗಳೂರು, ಮುಂಬೈಯಲ್ಲಿ ವೀಲ್‌ಚೇರ್ ಟ್ಯಾಕ್ಸಿ ಓಡುತ್ತವೆ, ಬಿಎಂಟಿಸಿಯ ವೋಲ್ವೋ ಲೋ ಫ್ಲೋರ್ ಬಸ್ಸಲ್ಲಿ ರ‍್ಯಾಂಪ್ ಇದೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ಎಲ್ಲ ರಸ್ತೆಯಲ್ಲೇ ಹೋಗಬೇಕು. ಡಯಾಲಿಸಿಸ್‌ಗೆ ಹೋಗುವವರು, ಪಾರ್ಶ್ವವಾಯು ಆದ ಹಿರಿಯರು, ಎಷ್ಟೋ ಜನ ನನ್ನ ಗಾಡಿಗೆ ಎತ್ತಿ ಹಾಕಿಸಿಕೊಂಡೇ ಹೋಗುತ್ತಾರೆ. ನೀವು ಸ್ವಂತಕ್ಕೆ ಗಾಡಿ ತೆಗೆದುಕೊಳ್ಳುವ ಬದಲು ನಾನೇ ಹಿಂದಿನ ಸಾಲಿನ ಸೀಟು ತೆಗೆಸಿ ಲಿಫ್ಟ್ ಹಾಕಿಸಿದರೆ ಬಾಡಿಗೆಗೆ ಕರೆಯುತ್ತೀರಾ? ಹತ್ತು ಮನೆಗೆ ಒಂದು ಗಾಡಿ ಸಾಕಾಗುತ್ತದೆ. ಆರ್‌ಟಿಒ ತೊಂದರೆ ಮಾಡುತ್ತಾರಾ ಅನ್ನುವುದೇ ನನ್ನ ಭಯ.

ಮೈಸೂರು ಡಿಸೈನ್:

ಕತ್ತರಿಸುವ ಮುಂಚೆ ಮಡಿಕೇರಿ ಆರ್‌ಟಿಒ ಕಚೇರಿಗೆ ಡ್ರಾಯಿಂಗ್ ಹಿಡಿದುಕೊಂಡು ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಬದಲಾವಣೆಯನ್ನು ಸುಮ್ನೆ ಮಾಡುವ ಹಾಗಿಲ್ಲ. ಸೀಟು ಕಡಿಮೆಯಾದರೆ, ತೂಕ ಜಾಸ್ತಿಯಾದರೆ ಆರ್‌ಸಿಯಲ್ಲಿ ಬರಬೇಕು. ಅಂಗವಿಕಲರಿಗಾಗಿ ಮಾರ್ಪಾಡು ಮಾಡಿದ ವಾಹನಕ್ಕೆ ಕಾಯ್ದೆಯಲ್ಲೇ ಜಾಗ ಇದೆ, ಅದನ್ನು ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು ಸಾರಿಗೆ ಎಲ್ಲರಿಗೂ ಎಟುಕಬೇಕು ಅನ್ನುತ್ತದೆ, ಅದನ್ನೂ ಅರ್ಜಿಯಲ್ಲಿ ಬರೆಯಿರಿ. ವಿಮೆಯವರಿಗೆ ಬರೆದು ತಿಳಿಸಿ, ಇಲ್ಲದಿದ್ದರೆ ಅಪಘಾತ ಆದಾಗ ಕೈ ಎತ್ತುತ್ತಾರೆ.

ಇನ್ನೊಂದು, ಲಿಫ್ಟೇ ನೂರು ಕೆ.ಜಿ. ಮೇಲಿರುತ್ತದೆ, ಅಷ್ಟೂ ಹಿಂದಿನ ತುದಿಯಲ್ಲಿ. ವಿಂಗರ್ ಎಳೆಯುವುದು ಮುಂದಿನ ಚಕ್ರದಿಂದ. ಹಿಂದೆ ಭಾರ ಬಿದ್ದಷ್ಟೂ ಮುಂದೆ ಹಗುರ, ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಹಿಂದಿನ ಸಾಲು ತೆಗೆದರೆ ಸ್ವಲ್ಪ ಸರಿದೂಗುತ್ತದೆ. ಕುರ್ಚಿಯನ್ನು ಆದಷ್ಟು ಮುಂದಕ್ಕೆ, ಎರಡು ಆಕ್ಸಲ್ ನಡುವೆ ಕೂರುವ ಹಾಗೆ ಬೆಲ್ಟಿನ ಕೊಕ್ಕೆ ಹಾಕಿಸಿ. ಕೂತವರಿಗೆ ಕುಲುಕಾಟವೂ ಕಡಿಮೆ.

ವಿರಾಜಪೇಟೆ ಅಕ್ಕ:

ಟ್ಯಾಕ್ಸಿ ಅಣ್ಣಾ, ನಾನು ಕರೆಯುತ್ತೇನೆ. ಎತ್ತಿ ಹಾಕುವವರು ಸಿಗುತ್ತಾರೋ ಇಲ್ಲವೋ ಅಂತ ನೋಡಿಕೊಂಡು ಹೊರಡುವುದು ಸಾಕಾಗಿದೆ. ಒಂದೇ ಮಾತು, ವೀಲ್‌ಚೇರ್ ಅಂತ ಬಾಡಿಗೆ ಜಾಸ್ತಿ ಹೇಳಬೇಡಿ.

ನಾಪೋಕ್ಲು ತೋಟ:

ಅಣ್ಣನ ಅಳತೆ ತೆಗೆದೆ. ಕುರ್ಚಿಯಲ್ಲಿ ಕೂತಾಗ ತಲೆಯವರೆಗೆ 134 ಸೆಂ.ಮೀ., ಅಗಲ 66, ಫುಟ್‌ರೆಸ್ಟ್ ಸೇರಿ ಉದ್ದ 112. ಇಬ್ಬರೂ ಸೇರಿ ಅಂದರೆ ಆಳು, ಕುರ್ಚಿ 91 ಕೆ.ಜಿ., ಕಾಫಿ ತೂಗುವ ತಕ್ಕಡಿಯಲ್ಲಿ ನೋಡಿದ್ದು. ಗೋಡೆ ಕಣದಿಂದ 83 ಸೆಂ.ಮೀ. ಇದೆ.

ಟ್ಯಾಕ್ಸಿಯವರೇ, ಈಕೋಗೆ ಹಾಕಬೇಕೆಂದು ಇಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲು ನಿಮ್ಮ ಲಿಫ್ಟಿಗೆ ಮುಂಗಡ ಬಾಡಿಗೆ ಅಂತ ಕೊಡುತ್ತೇವೆ. ಅಣ್ಣ ಇದನ್ನು ತಾನೇ ಹೇಳಿದ್ದು. ಸ್ವಿಚ್ ಮಾತ್ರ ಕೂತವರ ಕೈಗೆ ಬರಬೇಕು, ಅದು ಅವನ ಷರತ್ತು.

ಕುಶಾಲನಗರ ಟ್ಯಾಕ್ಸಿ:

ಒಪ್ಪಿದೆ ಸರ್. ವೈರ್ ಇರುವ ಸ್ವಿಚ್ಚೇ ಹಾಕಿಸುತ್ತೇನೆ, ಕೂತವರ ಮಡಿಲಿಗೆ ಬರುವಷ್ಟು ಉದ್ದ, ಹೊರಗೆ ನಿಲ್ಲುವವರಿಗೆ ಒಂದು ನಿಲ್ಲಿಸುವ ಬಟನ್ ಬೇರೆ. ಭಾನುವಾರ ಗಾಡಿ ಗೋಣಿಕೊಪ್ಪಕ್ಕೆ ತರುತ್ತೇನೆ, ವರ್ಕ್‌ಶಾಪ್ ಅಣ್ಣ ಹಿಂಬಾಗಿಲು, ಫ್ಲೋರ್ ಅಳತೆ ತೆಗೆದುಕೊಳ್ಳಲಿ, ಮೈಸೂರಿನವರಿಗೆ ಕಳಿಸೋಣ. ಡ್ರಾಯಿಂಗ್ ಬಂದ ಮೇಲೆ ಆರ್‌ಟಿಒ.

ಗೋಣಿಕೊಪ್ಪ ವರ್ಕ್‌ಶಾಪ್:

ಬೆಳಿಗ್ಗೆಯೇ ಬನ್ನಿ. ಟ್ಯಾಂಕ್ ತುಂಬಿಸಿಕೊಂಡು ಬನ್ನಿ, ಫ್ಲೋರ್ ಎತ್ತರ ಭಾರ ಇದ್ದಾಗಲೂ ಇಲ್ಲದಾಗಲೂ ಎರಡೂ ಬೇಕು. ಸಾಧ್ಯವಾದರೆ ನಾಪೋಕ್ಲು ಅಣ್ಣನವರ ಕುರ್ಚಿಯನ್ನೂ ತರಿಸಿ, ಬೆಲ್ಟ್ ಎಲ್ಲಿಗೆ ಕಟ್ಟಬಹುದು ಅಂತ ಚೌಕಟ್ಟು ನೋಡಬೇಕು.

ನಾಪೋಕ್ಲು ತೋಟ:

ಕುರ್ಚಿ ಜೊತೆ ಅಣ್ಣನೂ ಬರುತ್ತಾನಂತೆ. ಹತ್ತು ಗಂಟೆಗೆ ಅಲ್ಲಿರುತ್ತೇವೆ.